3 ಎಕರೆ ತೋಟ, 120 ಮೂಟೆ ಕಾಫಿ

ನಾನು ಸಿವಿಲ್ ಇಂಜಿನಿಯರ್. ಯಾವ ಕಂಪನಿಯಲ್ಲೂ ಇಲ್ಲ. ಚಿಕ್ಕಮಗಳೂರು, ಮೂಡಿಗೆರೆ ಕಡೆ ಮನೆ, ಹೋಂಸ್ಟೇ ಕಟ್ಟುವವರಿಗೆ ಪ್ಲಾನ್ ಹಾಕಿಕೊಟ್ಟು ಕೆಲಸ ನೋಡಿಕೊಳ್ಳುತ್ತೇನೆ. ಅಪ್ಪನಿಂದ ಬಂದ 3 ಎಕರೆ ರೊಬಸ್ಟಾ ಕಾಫಿ ತೋಟ ನನ್ನ ಹೆಸರಲ್ಲಿದೆ. ನೋಡಿಕೊಳ್ಳುವುದು ಅಮ್ಮ.

ಒಂದು ವರ್ಷ ಫೀಸು ಚೆನ್ನಾಗಿ ಬಂತು. ಜಾಸ್ತಿ ನಗದು. ಆಗಿನ ಆಡಿಟರ್, "ಇದರಲ್ಲಿ ಮೂರೂವರೆ ಲಕ್ಷ ಕಾಫಿ ಮಾರಿದ ದುಡ್ಡು ಅಂತ ತೋರಿಸೋಣ ಸಾರ್. ಎಲ್ಲರೂ ಮಾಡ್ತಾರೆ" ಎಂದರು. ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡದೆ, ಅಂದರೆ ಸಿಪ್ಪೆ ತೆಗೆದು ಬೇಳೆ ಮಾಡದೆ, ಮಾರಿದರೆ ಅದು ಪೂರ್ತಿ ಕೃಷಿ ಆದಾಯ, ತೆರಿಗೆ ಇಲ್ಲ. ಕ್ಯೂರಿಂಗ್ ಮಾಡಿ ಮಾರಿದರೆ ಲಾಭದಲ್ಲಿ ನೂರಕ್ಕೆ 25, ಹುರಿದು ಪುಡಿ ಮಾಡಿ ಮಾರಿದರೆ 40 ಪಾಲು ತೆರಿಗೆಗೆ ಬರುತ್ತದೆ. ನಾನು ಒಪ್ಪಿದೆ. 120 ಮೂಟೆ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಮಾರಿದಂತೆ ಚೀಟಿ ತಯಾರಾಯಿತು.

ಮುಂದಿನ ಕುಯ್ಲಿನಲ್ಲಿ ಆಳುಗಳ ಕೂಲಿ ಕೂಡಿಸಿಕೊಡು ಅಂತ ಅಮ್ಮ ತನ್ನ ನೋಟ್‌ಬುಕ್ ಕೊಟ್ಟಳು. ಯಾರು ಎಷ್ಟು ಕೆಜಿ ಕುಯ್ದರು ಅಂತ ದಿನದಿನದ ಲೆಕ್ಕ. ಹಿಂದಿನ ವರ್ಷದ ಕೊನೇ ಪುಟದಲ್ಲಿ "ಒಟ್ಟು 47 ಮೂಟೆ" ಅಂತ ಬರೆದು, 47 ಹೊಡೆದುಹಾಕಿ, 46 ಅಂತ ತಿದ್ದಿದ್ದಳು. ಒಂದೇ ಒಂದು ಮೂಟೆಗೆ. ಕಣದಲ್ಲಿ ಕೂತು ಅದನ್ನೇ ನೋಡುತ್ತಿದ್ದೆ. ಬೆಳೆಗಾರರಿಗೆ ಅಂತ ಇರುವ ವಿನಾಯಿತಿಯೊಳಗೆ ನನ್ನ ಪ್ಲಾನಿನ ದುಡ್ಡು ತುರುಕಿದ್ದೆ. ನನ್ನ ತಂಗಿ ಹಾಸನದಲ್ಲಿ ಟೀಚರ್. ಅವಳ ತೆರಿಗೆ ಸಂಬಳ ಕೈಗೆ ಬರುವ ಮೊದಲೇ ಮುರಿದಿರುತ್ತದೆ.

ಹಿಂದೆ ಕೊಟ್ಟ ತೆರಿಗೆ ಲೆಕ್ಕವನ್ನು ತಿದ್ದಿ ಅಪ್‌ಡೇಟೆಡ್ ರಿಟರ್ನ್ ಹಾಕಿದೆ. ತೆರಿಗೆ, ಬಡ್ಡಿ, ಅವೆರಡರ ಮೇಲೆ ಇನ್ನೂ ನೂರಕ್ಕೆ 25. ಕಟ್ಟುವಾಗ ಕಷ್ಟವಾಯಿತು, ನಿಜ.

ತೆರಿಗೆ ಉಳಿಸುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮಂಥ ಇಂಜಿನಿಯರುಗಳಿಗೆ ಹಳೇ ಆದಾಯ ತೆರಿಗೆ ಕಾಯ್ದೆಯಲ್ಲಿ 44ಎಡಿಎ ಅನ್ನೋ ಸೆಕ್ಷನ್ ಇತ್ತಲ್ಲ, ಅದು ಅನುಕೂಲವೇ. ಬಂದ ಫೀಸಿನ ಅರ್ಧ ಲಾಭ ಅಂತ ತೋರಿಸಿದರೆ ಸಾಕಿತ್ತು, ಖಾತೆ ಪುಸ್ತಕ ಬೇಕಿರಲಿಲ್ಲ. ಆದರೆ ಅರ್ಧಕ್ಕಿಂತ ಜಾಸ್ತಿ ಗಳಿಸಿದ್ದೇನೆ ಅಂದರೆ ಅದನ್ನು ತೋರಿಸೋಕೂ ಅದರಲ್ಲೇ ಜಾಗವಿತ್ತು. ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ನನ್ನ ಖರ್ಚು ಏನು? ಪೆಟ್ರೋಲು, ಪ್ರಿಂಟು, ಒಂದು ಲ್ಯಾಪ್‌ಟಾಪ್.

ಈಗ ನಾನೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಸೈಟಿಗೆ ಹೋದ ದಿನ, ಬಂದ ಫೀಸು, ನಗದೋ ಫೋನ್‌ಪೇನೋ, ಖರ್ಚು. ಮೊದಲ ವರ್ಷ ಕೂಡಿಸಿದಾಗ ಖರ್ಚು ಮೂರರಲ್ಲಿ ಒಂದು ಪಾಲೂ ಆಗಿರಲಿಲ್ಲ. ಉಳಿದಿದ್ದಷ್ಟನ್ನೂ ಲಾಭ ಅಂತಲೇ ಬರೆದೆ.