ಕೂಲಿ ಕೊಟ್ಟು ಗಾರೆ ಕಲಿಸಿದೆ

ಕಲಿಯೋಕೆ ಬರುವ ಮೇಸ್ತ್ರಿಗೇ ದಿನಗೂಲಿ ಕೊಡ್ತೀರಾ ಅಂತ ಕೇಳದವರಿಲ್ಲ. ಹೌದು, ಕೊಡ್ತೀನಿ. ಮೈಸೂರಲ್ಲಿ ನಾನು ನಡೆಸುವ ಸುಣ್ಣದ ಗಾರೆ ಕಾರ್ಯಾಗಾರ ದಡ ಸೇರಿದ್ದೇ ಅದರಿಂದ.

ಮೊದಲಿಗೆ ಬರುತ್ತಿದ್ದವರೆಲ್ಲ ಆರ್ಕಿಟೆಕ್ಚರ್ ಓದುವ ಹುಡುಗರು. ಶ್ರದ್ಧೆಯಿಂದಲೇ ಕಲಿಯುತ್ತಿದ್ದರು. ಆದರೆ ನಾಳೆ ಹಳೇ ಮನೆಯ ಗೋಡೆಗೆ ಕರಣೆ ಹಿಡಿಯುವವನು ಮೇಸ್ತ್ರಿ. ಅವನಿಗೆ ಸುಣ್ಣದ ಕೆಲಸ ಗೊತ್ತಿಲ್ಲದಿದ್ದರೆ ಸಿಮೆಂಟ್ ಬಳಿಯುತ್ತಾನೆ, ಒಳಗಿನ ತೇವ ಹೊರಬರೋಕೆ ದಾರಿಯಿಲ್ಲದೆ ಕೆಲವು ಮಳೆಗಾಲದಲ್ಲೇ ಗೋಡೆ ಉಪ್ಪೊಡೆದು ಉದುರುತ್ತದೆ. 2012ರಲ್ಲಿ ನಮ್ಮೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಊರೆಲ್ಲ ಮಾತಾಡಿತು. ರಿಪೇರಿ ಮಾಡೋ ಕೈ ಎಲ್ಲಿವೆ ಅಂತ ಕೇಳಿದವರು ಕಡಿಮೆ.

ಮೇಸ್ತ್ರಿಗಳನ್ನು ಫ್ರೀ ಅಂತ ಕರೆದು ನೋಡಿದೆ. ಮೊದಲ ದಿನ ಬಂದವರು ಎರಡನೇ ದಿನ ಇಲ್ಲ. ಐದು ದಿನ ಕೂಲಿ ಬಿಟ್ಟರೆ ಮನೆ ನಡೆಯಬೇಕಲ್ವಾ? ಒಂದು ಸಂಸ್ಥೆಯವರು ಖರ್ಚು ನಮ್ಮದು ಅಂದು ಬ್ಯಾನರ್ ಕಟ್ಟಿಸಿದರು, ಆಮೇಲೆ ಫೋನ್ ಎತ್ತಲಿಲ್ಲ. ಸುಮಾರು 30,000 ನನ್ನ ತಲೆಗೆ ಬಂತು. ಅದರ ಮೇಲೆ ಮಳೆಗಾಲದಲ್ಲಿ ತರಿಸಿದ ಸುಟ್ಟ ಸುಣ್ಣದ ಕಲ್ಲು ದಾರಿಯಲ್ಲೇ ತೇವ ಹೀರಿ ಅರಳಿ ಪುಡಿಯಾಗಿತ್ತು. ಈಗ ಲಾರಿ ಮುಂದೆಯೇ ಒಂದು ತುಂಡು ನೀರಿನ ಬಕೆಟ್ಟಿಗೆ ಹಾಕುತ್ತೇನೆ, ಕೊತಕೊತ ಕುದಿಯದಿದ್ದರೆ ವಾಪಸ್.

ಆಮೇಲೆ ಲೆಕ್ಕ ತಿರುಗಿಸಿದೆ. ಹುಡುಗರಿಂದ ತಲಾ 6,000, ಹನ್ನೆರಡು ಜನ ಅಂದರೆ 72,000. ಎಂಟು ಮೇಸ್ತ್ರಿಗಳಿಗೆ ದಿನಕ್ಕೆ ಸಾವಿರದ ಹಾಗೆ ಐದು ದಿನಕ್ಕೆ 40,000. ಸುಣ್ಣ, ಮರಳು, ಗಾರೆಗೆ ಬೆರೆಸುವ ಬೆಲ್ಲ, ಊಟ ಸೇರಿ ಇಪ್ಪತ್ತು ಸಾವಿರದ ಮೇಲೆ ಸ್ವಲ್ಪ. ಪಾಠ ಅಂತ ಏನೂ ಇಲ್ಲ, ನೇರ ಗೋಡೆ. ಸಿಮೆಂಟ್ ಕೈ ಇರುವವರು ಮೊದಲ ಸಲ ದಪ್ಪಗೆ ಒಂದೇ ಪದರ ಎಳೆಯುತ್ತಾರೆ, ಗೋಡೆಯನ್ನೂ ಸರಿಯಾಗಿ ನೆನೆಸಿರುವುದಿಲ್ಲ. ನಾನು ತಡೆಯುವುದಿಲ್ಲ. ಒಂದು ತಿಂಗಳು ಬಿಟ್ಟು ಅದೇ ಗೋಡೆಗೆ ಮತ್ತೆ ಕರೆಯುತ್ತೇನೆ, ಆವತ್ತಿನ ಕೂಲಿಯೂ ಉಂಟು. ಬಿರುಕು ಬಿಟ್ಟ ತಮ್ಮ ಗಾರೆ ತಾವೇ ಕಿತ್ತು ತೆಳು ಪದರಗಳಲ್ಲಿ ಮತ್ತೆ ಹಾಕುತ್ತಾರೆ. ಎರಡನೇ ಸಲ ಯಾರು ಬರ್ತಾರೆ ಅಂದಿದ್ದರು. ಎಂಟಕ್ಕೆ ಎಂಟೂ ಜನ ಬಂದರು! ಆ ದಿನದ ಕೂಲಿ ಕಳೆದು ಎರಡು ಸಾವಿರವೋ ಏನೋ ಉಳಿಯಿತು. ಕೈಯಿಂದಂತೂ ಹೋಗಲಿಲ್ಲ.

ನಡುವೆ ಸುರ್ಕಿಯ, ಅಂದರೆ ಸುಣ್ಣಕ್ಕೆ ಬೆರೆಸುವ ಬೆಂದ ಮಣ್ಣಿನ ಪುಡಿಯ, ಹುಚ್ಚು ಹತ್ತಿತು. ಮಂಗಳೂರು ಹೆಂಚಿನ ಚೂರು ಸುಮ್ನೆ ಬಿದ್ದಿತ್ತು, ಕುಟ್ಟಿ ಹಾಕಿದೆ. ಗಟ್ಟಿ ಬೆಂದ ಮಣ್ಣು ಸುಣ್ಣದ ಜೊತೆ ಅಷ್ಟಾಗಿ ಬೆರೆತುಕೊಳ್ಳಲಿಲ್ಲ, ಮರಳಿನ ಹಾಗೇ ಉಳಿಯಿತು. ಕಡಿಮೆ ಬೆಂದ ನಾಟಿ ಇಟ್ಟಿಗೆಯ ಪುಡಿ ಚೆನ್ನಾಗಿ ಹಿಡಿಯಿತು. ಕರಾವಳಿಯಿಂದ ಚಿಪ್ಪಿನ ಸುಣ್ಣವನ್ನೂ ತರಿಸಿದೆ. ಕೊನೇ ಪದರಕ್ಕೆ ಬೆಣ್ಣೆಯಂತಿತ್ತು, ಬೆಲೆ ಮಾತ್ರ ಜಾಸ್ತಿ. ಅಳಲೆಕಾಯಿ, ಬೆಲ್ಲದ ನೀರನ್ನು ಎಷ್ಟು ದಿನ ಕೊಳೆಸಬೇಕು, ಯಾವ ಪದರಕ್ಕೆ ಎಷ್ಟು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕೈ ಹಾಕಿದವರಿಗೇ ಹೇಳೋದು.

ಆ ಬ್ಯಾಚಿನ ಮೂವರು ಈಗ ಒಂದು ಹಳೇ ಮನೆಯ ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ತಾರಸಿ) ರಿಪೇರಿ ಮಾಡುತ್ತಿದ್ದಾರೆ. ಸಿಮೆಂಟ್ ಕೆಲಸಕ್ಕಿಂತ ದಿನಕ್ಕೆ 300 ಜಾಸ್ತಿ ಕೇಳಿದರು, ಮನೆಯವರು ಚೌಕಾಸಿ ಮಾಡದೆ ಕೊಟ್ಟರು. ಮಳೆ ನಿಂತ ಮೇಲೆ ಮುಂದಿನ ಬ್ಯಾಚು. ಸುಣ್ಣ ಆಗಲೇ ಗುಂಡಿಯಲ್ಲಿ ನೆನೆಯುತ್ತಿದೆ, ಎಂಟು ಜಾಗಕ್ಕೆ ಇಪ್ಪತ್ತರ ಹತ್ತಿರ ಮೇಸ್ತ್ರಿಗಳು ಹೆಸರು ಕೊಟ್ಟಿದ್ದಾರೆ.