ನುಡಿಯ ಹಳೇ ಡಾಕ್ ಫೈಲು ಯೂನಿಕೋಡ್ ಡಾಕ್‌ಎಕ್ಸ್ ಆಗುವಾಗ ಅರ್ಕಾವತ್ತು ಎಲ್ಲಿ ತಪ್ಪುತ್ತದೆ

ಹುಬ್ಬಳ್ಳಿಯ ಡಿಟಿಪಿ ಮೇಜಿಗೆ ಬರುವ ಹಳೇ ಕನ್ನಡ ಫೈಲುಗಳು ಎರಡು ರೀತಿಯಲ್ಲಿ ಹಳತಾಗಿರುತ್ತವೆ. ಒಂದು ಫೈಲಿನ ರೂಪ, ಅಂದರೆ ವರ್ಡ್ 97ರಿಂದ 2003ರವರೆಗಿನ ಡಾಕ್. ಇನ್ನೊಂದು ಒಳಗಿನ ಅಕ್ಷರ, ಅಂದರೆ ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಆಸ್ಕಿ ಫಾಂಟು. ಆಸ್ಕಿಯಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ರೂಪ ಕೂರಿಸಿರುತ್ತದೆ, ಯೂನಿಕೋಡಿನಲ್ಲಿ ಕನ್ನಡಕ್ಕೇ ಸ್ವಂತ ಸಂಕೇತಗಳಿವೆ. ಧಾರವಾಡದಿಂದ ಬರುವ ಪಿಎಚ್.ಡಿ. ಪ್ರಬಂಧವಿರಲಿ, ಗದಗಿನಲ್ಲಿ ಹಿಂದೆ ಅಚ್ಚಾದ ಪುಸ್ತಕದ ಮರುಮುದ್ರಣವಿರಲಿ, ಸಹಕಾರಿ ಸಂಘದ ಉಪನಿಯಮವಿರಲಿ, ತೊಡಕು ಇದೇ. ‘ಸೇವ್ ಆ್ಯಸ್’ ಕೊಟ್ಟು ಡಾಕ್‌ಎಕ್ಸ್ ಮಾಡಿದರೆ ರೂಪ ಮಾತ್ರ ಬದಲಾಗುತ್ತದೆ, ಅಕ್ಷರ ಇದ್ದಲ್ಲೇ ಇರುತ್ತದೆ. ಇವೆರಡೂ ಬೇರೆ ಬೇರೆ ಕೆಲಸ. ಮೊದಲು ರೂಪ, ಆಮೇಲೆ ಅಕ್ಷರ. ಈ ಕ್ರಮ ತಪ್ಪಿಸಿದವರ ಫೈಲುಗಳೇ ರಿಪೇರಿಗೆ ಹೆಚ್ಚು ಬರುತ್ತವೆ.

ಯಾವ ಅಕ್ಷರ ಎಂದು ತಿಳಿಯಲು ನಕಲು ಪ್ರತಿಯಲ್ಲಿ ಒಂದು ಸಾಲು ಆರಿಸಿ ಫಾಂಟನ್ನು ಏರಿಯಲ್ ಮಾಡಿ ನೋಡಬೇಕು. ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ‘ಕನ್ನಡ’ ಎಂಬ ಪದ ಇದ್ದಲ್ಲಿ ಇಂಗ್ಲಿಷಿನ ಪಿ, ಮೇಲೆ ಓರೆಗೆರೆ ಇರುವ ಎ, ಪೌಂಡಿನ ಗುರುತು ಕಾಣಿಸಿದರೆ ಆಸ್ಕಿ. ನುಡಿಯ ಆಸ್ಕಿಗೂ ಬರಹದ ಆಸ್ಕಿಗೂ ಸಂಕೇತಗಳು ಬಹುಮಟ್ಟಿಗೆ ಹೊಂದುತ್ತವೆ. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಸಂಕೇತಗಳೇ ಬೇರೆ, ಅದಕ್ಕೆ ನುಡಿಯ ಪರಿವರ್ತಕ (ಆಸ್ಕಿಯನ್ನು ಯೂನಿಕೋಡ್ ಮಾಡುವ ತಂತ್ರಾಂಶ) ಹಚ್ಚಿದರೆ ಓದಲು ಬಾರದ ಅಕ್ಷರಗಳ ರಾಶಿ ಬೀಳುತ್ತದೆ.

ಆಸ್ಕಿ ಫೈಲನ್ನು ತೆರೆಯುವ ಮೊದಲೇ ವರ್ಡ್‌ನ ಆಟೋಕರೆಕ್ಟ್ ಪೂರ್ತಿ ಬಂದ್ ಮಾಡಿ. ವರ್ಡ್‌ನ ಕಣ್ಣಿಗೆ ಅದು ಇಂಗ್ಲಿಷ್ ಅಕ್ಷರ. ವಾಕ್ಯದ ಮೊದಲಿನ ಸಣ್ಣ ಕ್ಯೂ ದೊಡ್ಡ ಕ್ಯೂ ಆದರೆ ‘ಡ’ ಇದ್ದಲ್ಲಿ ‘ಕಿ’ ಬರುತ್ತದೆ. ಹಾಗೆಯೇ ಆ ಫಾಂಟು ಹಾಕಿರುವ ಕಂಪ್ಯೂಟರಿನಲ್ಲಿ ಮೂಲದ ಒಂದು ಪಿಡಿಎಫ್ ತೆಗೆದಿಟ್ಟುಕೊಳ್ಳಬೇಕು. ಕೊನೆಗೆ ತಾಳೆ ನೋಡಲು ಅದೊಂದೇ ಸಾಕ್ಷಿ.

ರೂಪ ಬದಲಿಸುವುದು ಸುಲಭ. ಹತ್ತಿಪ್ಪತ್ತು ಫೈಲಿದ್ದರೆ ವರ್ಡ್‌ನಲ್ಲೇ ಮಾಡಬಹುದು. ನೂರಾರು ಇದ್ದರೆ ಲಿಬ್ರೆ ಆಫೀಸನ್ನು ಆದೇಶದ ಸಾಲಿನಿಂದ, ಹೆಡ್‌ಲೆಸ್ ಮತ್ತು ಕನ್ವರ್ಟ್-ಟು ಎಂಬ ಎರಡು ಆಯ್ಕೆ ಕೊಟ್ಟು ನಡೆಸಿದರೆ ಇಡೀ ಫೋಲ್ಡರು ಒಂದೇ ಸಲಕ್ಕೆ ಮುಗಿಯುತ್ತದೆ. ಆಗ ಲಿಬ್ರೆ ಆಫೀಸಿನ ಬೇರೆ ಕಿಟಕಿ ಯಾವುದೂ ತೆರೆದಿರಬಾರದು. ತೆರೆದಿದ್ದರೆ ಎಷ್ಟೋ ಸಲ ಏನೂ ಹೇಳದೆ, ಏನೂ ಮಾಡದೆ ಸುಮ್ಮನೆ ಮುಗಿಸಿಬಿಡುತ್ತದೆ.

ಕಷ್ಟವಿರುವುದು ಅಕ್ಷರದಲ್ಲಿ. ಹಲವರು ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ, ಅಲ್ಲಿಂದ ಪರಿವರ್ತಕಕ್ಕೆ ಕೊಡುತ್ತಾರೆ. ದಪ್ಪ ಅಕ್ಷರ, ಅಡಿಟಿಪ್ಪಣಿ ಹೋಗುವುದು ಕಣ್ಣಿಗೆ ಕಾಣುವ ನಷ್ಟ. ಅದಕ್ಕಿಂತ ದೊಡ್ಡ ನಷ್ಟ ಫಾಂಟಿನ ಹೆಸರು. ಆಸ್ಕಿಯಲ್ಲಿ ಕನ್ನಡವೂ ಇಂಗ್ಲಿಷ್ ಅಕ್ಷರವೇ, ಇಂಗ್ಲಿಷೂ ಇಂಗ್ಲಿಷ್ ಅಕ್ಷರವೇ, ಇದು ನುಡಿ ಇದು ಟೈಮ್ಸ್ ಎಂದು ಹೇಳುವುದು ಫಾಂಟಿನ ಹೆಸರು ಮಾತ್ರ. ಅದು ಅಳಿಸಿದ ಮೇಲೆ ಪ್ರಬಂಧದ ಇಂಗ್ಲಿಷ್ ಉಲ್ಲೇಖಗಳೆಲ್ಲ ಅರ್ಥವಿಲ್ಲದ ಕನ್ನಡವಾಗುತ್ತವೆ.

ಹಾಗಾಗಿ ನಾನು ಡಾಕ್‌ಎಕ್ಸ್‌ನ ಒಳಗೇ ಬದಲಿಸುತ್ತೇನೆ. ಡಾಕ್‌ಎಕ್ಸ್ ಎಂದರೆ ಒಂದು ಜಿಪ್ ಗಂಟು. ಬಿಚ್ಚಿದರೆ ವರ್ಡ್ ಎಂಬ ಫೋಲ್ಡರಿನಲ್ಲಿ ಡಾಕ್ಯುಮೆಂಟ್ ಎಂಬ ಎಕ್ಸ್‌ಎಂಎಲ್ ಫೈಲು ಸಿಗುತ್ತದೆ. ಅದರಲ್ಲಿ ಪಠ್ಯವು ‘ರನ್’ ಎಂಬ ತುಂಡುಗಳಾಗಿ ಕೂತಿರುತ್ತದೆ, ಒಂದೊಂದು ರನ್ನಿಗೂ ಅದರ ಫಾಂಟಿನ ಹೆಸರು ಬರೆದಿರುತ್ತದೆ. ಆ ಹೆಸರು ನುಡಿ ಎಂದು ಶುರುವಾದರೆ ಮಾತ್ರ ಆ ತುಂಡನ್ನು ಯೂನಿಕೋಡ್ ಮಾಡಬೇಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ ಇದು ಒಂದು ಪುಟದ ಕೋಡು. ಫಾಂಟು ಸ್ಟೈಲಿನಿಂದ ಬಂದಿದ್ದರೆ ರನ್ನಿನಲ್ಲಿ ಹೆಸರು ಇರುವುದಿಲ್ಲ, ಆಗ ಸ್ಟೈಲನ್ನೂ ನೋಡಬೇಕು. ಅಡಿಟಿಪ್ಪಣಿ, ಹೆಡರ್, ಫೂಟರ್ ಬೇರೆ ಬೇರೆ ಎಕ್ಸ್‌ಎಂಎಲ್ ಫೈಲುಗಳಲ್ಲಿರುತ್ತವೆ. ಪೈಥಾನ್‌ನ ಡಾಕ್‌ಎಕ್ಸ್ ಲೈಬ್ರರಿಯಲ್ಲಿ ಪ್ಯಾರಾಗಳ ಪಟ್ಟಿಯನ್ನಷ್ಟೇ ಕೇಳಿದರೆ ಕೋಷ್ಟಕದ ಒಳಗಿನ ಪಠ್ಯವೂ ಸಿಗುವುದಿಲ್ಲ.

ಅರ್ಕಾವತ್ತು ತಪ್ಪುವುದು ಇಲ್ಲೇ. ನುಡಿಯ ಆಸ್ಕಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಬರೆಯುತ್ತದೆ, ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ಬರೆಯುತ್ತದೆ. ಗದಗ ತಾಲೂಕಿನ ‘ಹರ್ತಿ’ ಆಸ್ಕಿಯಲ್ಲಿ ಹ, ತಿ, ಅರ್ಕಾವತ್ತು ಎಂದಿರುತ್ತದೆ. ಯೂನಿಕೋಡಿನಲ್ಲಿ ಹ, ರ, ವಿರಾಮ (ಅರ್ಧಾಕ್ಷರದ ಗುರುತು), ತ, ಇಕಾರ ಎಂದಾಗಬೇಕು. ಪರಿವರ್ತಕ ಅರ್ಕಾವತ್ತನ್ನು ಕಂಡಾಗ ಹಿಂದಿನ ಇಡೀ ಅಕ್ಷರವನ್ನು ದಾಟಿ ಅದಕ್ಕಿಂತ ಮೊದಲು ರಕಾರ ಇಡುತ್ತದೆ. ಆದರೆ ತಿದ್ದುಪಡಿ, ಸ್ಪೆಲ್‌ಚೆಕ್ ಆದ ಫೈಲಿನಲ್ಲಿ ವರ್ಡ್ ಒಂದೇ ಪದವನ್ನು ಎರಡು ಮೂರು ರನ್ನುಗಳಾಗಿ ಒಡೆದಿರುತ್ತದೆ. ‘ತಿ’ ಒಂದು ರನ್ನಿನಲ್ಲಿ, ಅರ್ಕಾವತ್ತು ಮುಂದಿನ ರನ್ನಿನ ಮೊದಲಲ್ಲಿ ಬಿದ್ದರೆ ಪರಿವರ್ತಕಕ್ಕೆ ಹಿಂದೆ ದಾಟಲು ಅಕ್ಷರವೇ ಇಲ್ಲ. ಒತ್ತಕ್ಷರಕ್ಕೂ ದೀರ್ಘಕ್ಕೂ ಇದೇ ಗತಿ. ‘ಲಕ್ಷ್ಮೇಶ್ವರ’ದ ‘ಕ್ಷ್ಮೇ’ ಆಸ್ಕಿಯಲ್ಲಿ ಕೆ, ಷ ಒತ್ತು, ಮ ಒತ್ತು, ದೀರ್ಘ ಎಂಬ ಸಾಲು. ನಡುವೆ ಎಲ್ಲಿ ಒಡೆದರೂ ಚುಕ್ಕೆಗಳ ವೃತ್ತ ಕಾಣಿಸುತ್ತದೆ. ಆದ್ದರಿಂದ ಪರಿವರ್ತಿಸುವ ಮೊದಲು ಒಂದೇ ಫಾಂಟು, ಒಂದೇ ಗಾತ್ರದ ಅಕ್ಕಪಕ್ಕದ ರನ್ನುಗಳನ್ನು ಕೂಡಿಸಿ ಒಂದು ಮಾಡಲೇಬೇಕು. ಸ್ಪೆಲ್‌ಚೆಕ್‌ನ ಗುರುತುಗಳನ್ನು ಕಿತ್ತು ಹಾಕಿದ ಮೇಲೆಯೇ ಅವು ಅಕ್ಕಪಕ್ಕ ಬರುತ್ತವೆ.

ಕೋಡು ಬರೆಯದವರಿಗೆ ಇನ್ನೊಂದು ದಾರಿ ಇದೆ. ವರ್ಡ್‌ನ ಫೈಂಡ್ ಆ್ಯಂಡ್ ರಿಪ್ಲೇಸ್‌ನಲ್ಲಿ ದಪ್ಪ ಅಕ್ಷರಗಳನ್ನು ಹುಡುಕಿ, ಅವುಗಳ ಹಿಂದೆ 77101, ಮುಂದೆ 77102 ಎಂಬ ಅಂಕಿ ಸೇರಿಸಬೇಕು. ಪರಿವರ್ತಿಸಿದ ಮೇಲೆ ಈ ಅಂಕಿಗಳನ್ನು ಹುಡುಕಿ, ಅವುಗಳ ನಡುವಿನದನ್ನು ಮತ್ತೆ ದಪ್ಪ ಮಾಡಿ, ಅಂಕಿ ಅಳಿಸಬೇಕು. ರಿಪ್ಲೇಸ್ ಪೆಟ್ಟಿಗೆಯಲ್ಲಿ ಈ ಎರಡು ಅಂಕಿಗಳ ನಡುವೆ ಟೋಪಿ ಗುರುತು ಮತ್ತು ಆ್ಯಂಡ್ ಗುರುತು ಹಾಕಿದರೆ ಸಿಕ್ಕ ಪಠ್ಯ ಹಾಗೇ ಉಳಿಯುತ್ತದೆ. ಅಂಕಿಗಳು ಪರಿವರ್ತನೆಯಲ್ಲಿ ಕೆಡುವುದಿಲ್ಲ, ಚಿಹ್ನೆಗಳು ಕೆಡಬಹುದು, ಅದಕ್ಕೇ ಅಂಕಿ. ಇಂಗ್ಲಿಷ್ ಫಾಂಟಿನ ತುಂಡುಗಳನ್ನು ಮಾತ್ರ ಮೊದಲೇ ಬೇರೆ ತೆಗೆದು, ಅವುಗಳ ಜಾಗದಲ್ಲಿ ಒಂದೊಂದು ಸಂಖ್ಯೆ ಇಟ್ಟು, ಆಮೇಲೆ ತುಂಬಬೇಕು. ಬೇಸರದ ಕೆಲಸ, ಆದರೆ ನಲವತ್ತು ಐವತ್ತು ಪುಟಕ್ಕೆ ನಡೆಯುತ್ತದೆ.

ಎಕ್ಸ್‌ಎಂಎಲ್ ದಾರಿಯಲ್ಲಿ ಅಕ್ಷರ ಸರಿಯಾದ ಮೇಲೂ ಶೀರ್ಷಿಕೆಗಳು ಸಣ್ಣದಾಗಿ, ತೆಳ್ಳಗೆ ಕಾಣುತ್ತವೆ. ಪರಿವರ್ತಕ ಕೆಟ್ಟಿತು ಎಂದುಕೊಳ್ಳಬೇಡಿ. ವರ್ಡ್ ಕನ್ನಡವನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂದು ಬೇರೆ ಲೆಕ್ಕದಲ್ಲಿ ಇಡುತ್ತದೆ, ಅದಕ್ಕೆ ಫಾಂಟು, ಗಾತ್ರ, ದಪ್ಪ ಮೂರೂ ಪ್ರತ್ಯೇಕ. ಆಸ್ಕಿಯಲ್ಲಿದ್ದಾಗ ಕೊಟ್ಟ 16 ಪಾಯಿಂಟು ಇಂಗ್ಲಿಷ್ ಲೆಕ್ಕಕ್ಕೆ ಸೇರಿತ್ತು. ರನ್ನಿನಲ್ಲಿರುವ ಗಾತ್ರ ಮತ್ತು ದಪ್ಪವನ್ನು ಕಾಂಪ್ಲೆಕ್ಸ್ ಸ್ಕ್ರಿಪ್ಟಿನ ಜಾಗಕ್ಕೂ ನಕಲಿಸಬೇಕು. ಎಕ್ಸ್‌ಎಂಎಲ್‌ನಲ್ಲಿ ಗಾತ್ರ ಅರ್ಧ ಪಾಯಿಂಟಿನ ಲೆಕ್ಕ, 16 ಪಾಯಿಂಟಿಗೆ 32 ಎಂದಿರುತ್ತದೆ. ಕೈಯಿಂದಾದರೆ ಫಾಂಟ್ ಡಯಲಾಗಿನ ಕೆಳಗಿನ ಭಾಗದಲ್ಲಿ ತುಂಬಿದರಾಯಿತು.

ಕಣ್ಣಿಗೆ ಕಾಣದ ತಪ್ಪೂ ಒಂದಿದೆ. ಕೆಲವು ಪರಿವರ್ತಕಗಳು ‘ಕೊ’ವನ್ನು ಒಂದೇ ಒಕಾರದ ಚಿಹ್ನೆಯಿಂದ ಬರೆಯದೆ ಎಕಾರ, ಊಕಾರ ಎರಡನ್ನೂ ಸೇರಿಸಿ ಬರೆಯುತ್ತವೆ. ನೋಡಲು ಒಂದೇ, ಆದರೆ ಎಲ್ಲ ತಂತ್ರಾಂಶಗಳೂ ಎರಡನ್ನೂ ಒಂದೇ ಎಂದು ಎಣಿಸುವುದಿಲ್ಲ. ಹುಡುಕಿದರೆ ‘ಕುಂದಗೋಳ’ ಸಿಗುವುದಿಲ್ಲ, ಅಕಾರಾದಿ ಸೂಚಿಯೂ ತಪ್ಪುತ್ತದೆ. ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣ ಒಮ್ಮೆ ನಡೆಸಿದರೆ ಇದು ಸರಿಯಾಗುತ್ತದೆ.

ಆಮೇಲೆ ತಪಾಸಣೆ. ಉಳಿದ ಇಂಗ್ಲಿಷ್ ಅಕ್ಷರಗಳನ್ನು ಹುಡುಕುತ್ತೇನೆ. ಅರ್ಕಾವತ್ತಿನ ಬದಲು ಒತ್ತಿದ ಕನ್ನಡದ ೯, ಅನುಸ್ವಾರದ ಬದಲು ಒತ್ತಿದ ಸೊನ್ನೆ ಇವೆಯೇ ನೋಡುತ್ತೇನೆ. ಹಳೆಯ ಟೈಪಿಂಗಿನಲ್ಲಿ ಇವೆರಡೂ ಧಾರಾಳ, ಪರಿವರ್ತಕಗಳು ಇವನ್ನು ತಾವಾಗಿ ತಿದ್ದುತ್ತವೆಂದು ನಂಬಬಾರದು. ‘ಸಾಫ್ಟ್‌ವೇರ್’ ಎಂಬುದರಲ್ಲಿ ಟ ಕೆಳಗೆ ವ ಒತ್ತು ಬಿದ್ದಿದ್ದರೆ ನಡುವಿನ ಕಾಣದ ಅಕ್ಷರ ಬಿಟ್ಟುಹೋಗಿದೆ ಎಂದರ್ಥ. ವರ್ಡ್‌ನಲ್ಲಿ 200ಸಿ ಎಂದು ಇಂಗ್ಲಿಷಿನಲ್ಲಿ ಒತ್ತಿ ಆಲ್ಟ್ ಎಕ್ಸ್ ಹೊಡೆದರೆ ಅದು ಬರುತ್ತದೆ. ಕಣ್ಣೋದಿಗೆ ನನ್ನ ಪರೀಕ್ಷಾ ಪದಗಳು ಲಕ್ಷ್ಮೇಶ್ವರ, ಕರ್ಜಗಿ, ಕಾರ್ಯದರ್ಶಿ, ಸ್ತ್ರೀ, ರ‍್ಯಾಂಕ್. ಈ ಐದು ಸರಿ ಬಂದರೆ ಮಿಕ್ಕವು ಬಹುತೇಕ ಸರಿ ಇರುತ್ತವೆ.

ಸಾಲಿನ ಅಂತರ ‘ಎಕ್ಸಾಕ್ಟ್ಲಿ’ 14 ಪಾಯಿಂಟ್ ಇದ್ದ ಫೈಲಿನಲ್ಲಿ ಹೊಸ ಫಾಂಟಿನ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. ‘ಅಟ್ ಲೀಸ್ಟ್’ ಮಾಡಿದರೆ ಸರಿ. ಆಗ ಪುಟಗಳ ಲೆಕ್ಕ ಬದಲಾಗುತ್ತದೆ, ಕೈಯಿಂದ ಬರೆದ ಪರಿವಿಡಿಯಿದ್ದರೆ ಪುಟಸಂಖ್ಯೆ ಹೊಸದಾಗಿ ಹಾಕಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಹಳೇ ಆಸ್ಕಿ ಫೈಲನ್ನು ಅಳಿಸಬೇಡಿ. ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ತಿಳಿಯುವುದಿಲ್ಲ. ಈಗಲೂ ಅದರಲ್ಲೇ ಪುಟ ಕಟ್ಟುವ ಪ್ರೆಸ್ಸಿಗೆ ಕೆಲಸ ಹೋಗುವುದಾದರೆ ತಿದ್ದಿದ ಯೂನಿಕೋಡನ್ನು ಮತ್ತೆ ನುಡಿಗೆ ತಿರುಗಿಸಿ, ಮೂಲದ ಪಕ್ಕದಲ್ಲಿಟ್ಟು ತಾಳೆ ನೋಡಿಯೇ ಕೊಡುತ್ತೇನೆ.