ಗ್ಲೌಸ್ ಕಟ್ಟಿಕೊಂಡು ಹೊರದೇಶಕ್ಕೆ ಹೊರಡುವ ಮುಂಚೆ

ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್‌ಗೆ ಇರೋದು ಒಂದೇ ಜಾಗ. ಅಂಚಿನಲ್ಲಿ ಓಡಿ ಆಡುವ ವಿಂಗರ್‌ನನ್ನು ಕೊನೆಯ ಇಪ್ಪತ್ತು ನಿಮಿಷಕ್ಕಾದರೂ ಇಳಿಸುತ್ತಾರೆ, ಎರಡನೇ ಕೀಪರ್‌ನನ್ನು ಮಾತ್ರ ಮೊದಲನೆಯವನಿಗೆ ಪೆಟ್ಟಾಗುವ ತನಕ ಯಾರೂ ಕೇಳಲ್ಲ. ಹಾಗಾಗಿ ಹೊರಗಿನ ಕ್ಲಬ್ ಕರೆದರೆ ಅದರ ಹೆಸರಿಗೆ ಮರುಳಾಗಬೇಡಿ. ಅಲ್ಲಿನ ಒಂದನೇ ಕೀಪರ್‌ಗೆ ವಯಸ್ಸೆಷ್ಟು, ಅವನ ಒಪ್ಪಂದ ಯಾವಾಗ ಮುಗಿಯುತ್ತದೆ, ಇದನ್ನು ಮೊದಲು ವಿಚಾರಿಸಿ.

ಭಾರತದ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು 2014ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಬಿಟ್ಟು ನಾರ್ವೆಯ ಸ್ಟಾಬೆಕ್ ಕ್ಲಬ್ ಸೇರಿದರು. ಲೀಗ್ ಪಂದ್ಯ ಆಡಲು ಸಿಕ್ಕಿದ್ದು 2016ರಲ್ಲಿ! ಅದೇ ವರ್ಷ ಯುರೋಪಿನ ಕ್ಲಬ್‌ಗಳ ಟೂರ್ನಿ ಯುರೋಪಾ ಲೀಗ್‌ನ ಅರ್ಹತಾ ಪಂದ್ಯವನ್ನೂ ಆಡಿದರು, 2017ರಲ್ಲಿ ನಮ್ಮ ಬೆಂಗಳೂರು ಎಫ್‌ಸಿಗೆ ಬಂದರು. ಅಷ್ಟು ಕಾಯುವ ತಾಳ್ಮೆ ಇಲ್ಲದವರಿಗೆ ಜರ್ಮನಿಯ ಕೀಪರ್ ಲುಟ್ಸ್ ಫ್ಯಾನೆನ್‌ಶ್ಟೀಲ್ ದಾರಿ ಇದೆ: ಜಾಗ ಖಾಲಿ ಇರುವ ಕಡೆ ಹೋಗೋದು. ಹಾಗೇ ಇಪ್ಪತ್ತಕ್ಕೂ ಜಾಸ್ತಿ ಕ್ಲಬ್ ಸುತ್ತಿ, ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಆರೂ ಖಂಡ ಒಕ್ಕೂಟಗಳಲ್ಲಿ ಆಡಿದ ಆಸಾಮಿ ಅವರು.

ಕ್ಲಬ್‌ಗೆ ನಿಮ್ಮ ಆಟದ ವಿಡಿಯೊ ಕಳಿಸುವಾಗ ಬರೀ ಹಾರಿ ಹಿಡಿದದ್ದನ್ನೇ ಪೋಣಿಸಬೇಡಿ, ಅದಕ್ಕೆ ಡಿಜೆ ಹಾಡು ಬೇರೆ ಹಾಕಬೇಡಿ ಮಾರಾಯ್ರೇ. ಪೂರ್ತಿ ಪಂದ್ಯ ಒಂದೆರಡು ಕೊಡಿ. ಕಾರ್ನರ್ ಕಿಕ್ ಬಂದಾಗ ಗೋಲಿನ ಗೆರೆ ಬಿಟ್ಟು ಮುಂದೆ ಬರುತ್ತೀರಾ, ಒತ್ತಡ ಬಿದ್ದಾಗ ಎಡಗಾಲಲ್ಲಿ ಪಾಸ್ ಕೊಡುತ್ತೀರಾ, ಗೋಲು ಬಿಟ್ಟ ಮರುಕ್ಷಣ ಏನು ಮಾಡುತ್ತೀರಾ, ಕೋಚ್‌ಗೆ ಬೇಕಾಗೋದು ಅದು.

ಇನ್ನು ಕಾಗದಪತ್ರ. ಹದಿನೆಂಟು ತುಂಬದಿದ್ದರೆ, ಕೆಲವು ವಿನಾಯಿತಿ ಬಿಟ್ಟು, ಹೊರದೇಶದ ವರ್ಗಾವಣೆ ಇಲ್ಲ. ಒಂದು ಸೀಸನ್‌ನಲ್ಲಿ ಮೂರು ಕ್ಲಬ್‌ಗೆ ನೋಂದಣಿ ಆಗಬಹುದು, ಆದರೆ ಸಾಮಾನ್ಯವಾಗಿ ಅಧಿಕೃತ ಪಂದ್ಯ ಆಡೋದು ಎರಡಕ್ಕೆ ಮಾತ್ರ. 'ವರ್ಕ್ ಪರ್ಮಿಟ್ ಸಿಕ್ಕರೆ ಮಾತ್ರ ಈ ಒಪ್ಪಂದ ಊರ್ಜಿತ' ಅಂತ ಬರೆಯಲು ಫಿಫಾ ನಿಯಮ ಬಿಡಲ್ಲ, ಅಂಥ ಸಾಲು ಕಂಡರೆ ಸಹಿ ಹಾಕದೆ ವಕೀಲರಿಗೆ ತೋರಿಸಿ. ಎರಡು ತಿಂಗಳ ಸಂಬಳ ಬರಲಿಲ್ವಾ? ಬರಹದಲ್ಲೇ ಕೇಳಿ, ಕನಿಷ್ಠ 15 ದಿನ ಗಡುವು ಕೊಡಿ. ಆಮೇಲೂ ಬರದಿದ್ದರೆ ಒಪ್ಪಂದ ಮುರಿಯಲು ಅದೇ ನ್ಯಾಯವಾದ ಕಾರಣ. ವಾಟ್ಸಾಪ್‌ನಲ್ಲಿ ಸುಮ್ನೆ ಗೋಳಾಡಿದರೆ ಕೆಲಸ ಆಗಲ್ಲ.

ಗ್ಲೌಸ್ ಎರಡು ಜೊತೆ ಇಟ್ಟುಕೊಳ್ಳಿ. ಕೃತಕ ಹುಲ್ಲಿನ ಮೇಲೆ ಒಂದು ಸಲ ಅಂಗೈ ಊರಿ ಎದ್ದರೂ ಸಾಕು, ಗ್ಲೌಸ್‌ನ ಅಂಗೈಯ ರಬ್ಬರ್ ಪದರ (ಲ್ಯಾಟೆಕ್ಸ್) ಪುಡಿಪುಡಿಯಾಗಿ ಕಿತ್ತು ಬರುತ್ತದೆ. ಅಭ್ಯಾಸಕ್ಕೆ ಹಳೆಯದು. ಪಂದ್ಯದ್ದನ್ನು ಆಟಕ್ಕೆ ಮುಂಚೆ ಸ್ವಲ್ಪ ಒದ್ದೆ ಮಾಡಿಕೊಳ್ಳಿ, ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಹೀಟರ್ ಮೇಲೆ ಮಾತ್ರ ಇಡಬೇಡಿ.